ತಪ್ಪೇ ಸಿಗದ ನೂರ ಎಂಬತ್ತಮೂರು ಪುಟಗಳು

ವೆರ್ಬೋಪಿಲ್ ಧಾನ್ಯ ಶೇಖರಣಾ ಸಂಸ್ಥೆಗೆ ಸಲ್ಲಿಕೆಯಾಗುವ ಪ್ರತಿಯೊಂದು ಸಂಶೋಧನಾ ಪ್ರಬಂಧದ ಎಡ ಅಂಚು ಮೂವತ್ತು ಮಿಲಿಮೀಟರ್, ಬಲ ಅಂಚು ಹತ್ತು, ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತು ಇರತಕ್ಕದ್ದು. ಇದನ್ನು ದೇವರು ವಿಧಿಸಿದ್ದರೆ ಯಾರಾದರೂ ಅತ್ತು ಕರೆದು ಸಡಿಲಿಸಿಕೊಳ್ಳುತ್ತಿದ್ದರೇನೋ. ವಿಧಿಸಿದ್ದು ರಾಜ್ಯದ ಮಾನಕ ಸಂಹಿತೆ, ಹಾಗಾಗಿ ಆ ಪ್ರಶ್ನೆಯೇ ಉದ್ಭವಿಸುವುದಿಲ್ಲ. ನನ್ನ ಕಣ್ಣೆದುರೇ ಸರ್ಕಾರಗಳು ಬಿದ್ದವು, ನೋಟುಗಳು ಬದಲಾದವು, ಒಂದು ಇಡೀ ದೇಶವೇ ಹೋಗಿ ಇನ್ನೊಂದು ದೇಶ ಬಂತು. ಎಡ ಅಂಚು ಮಾತ್ರ ಮೂವತ್ತರಲ್ಲೇ ಇದೆ.

ನಾನು ಈ ಸಂಸ್ಥೆಯ ವಿದ್ವತ್ ಮಂಡಳಿಯ ಕಾರ್ಯದರ್ಶಿ, ಹೆಸರು ಒನುಫ್ರಿ ದೆನಿಸೊವಿಚ್. ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿ. ಕೆಳಗೆ ಹೇಳುವ ಪ್ರತಿಯೊಂದಕ್ಕೂ ಕಡತದಲ್ಲಿ ಆಧಾರವಿದೆ. ಯಾರಾದರೂ ಇದನ್ನು ಓದಿ ನಕ್ಕರೆ ಅದು ಅವರವರ ಸಂಸ್ಕಾರ.

ಅಂಚುಗಳನ್ನು ಅಳೆಯುವುದು ನಿಯಮ ಪರೀಕ್ಷಕಿ ತೆಕ್ಲಾ ಮಕಾರಿವ್ನಾ ಅವರ ಕೆಲಸ. ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದಾರೆ. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಅಂಚಿನಮ್ಮ ಎನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ನಮ್ಮ ನಿರ್ದೇಶಕರಿಗೂ ಇಲ್ಲ. ಅವರ ಬಳಿ ಒಂದು ಉಕ್ಕಿನ ಸ್ಕೇಲು ಇದೆ. ವರ್ಷಕ್ಕೊಮ್ಮೆ ಅದನ್ನು ಅಳತೆ ಕಚೇರಿಗೆ ಕಳಿಸಿ, ಅದು ಇನ್ನೂ ಸ್ಕೇಲೇ ಎಂದು ಪ್ರಮಾಣಪತ್ರ ತರಿಸಲಾಗುತ್ತದೆ. ಪ್ರಬಂಧವನ್ನು ಓದುವುದು ಅಂಚಿನಮ್ಮನ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ. ಒಮ್ಮೆ ಅಪ್ಪಿತಪ್ಪಿ ಒಂದು ವಾಕ್ಯ ಓದಿಬಿಟ್ಟಿದ್ದಕ್ಕೆ ಇಡೀ ದಿನ ತಲೆನೋವು ಎಂದು ರಜೆ ಹಾಕಿದ್ದರು.

ಅವರ ಕೋಣೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಡಬ್ಬಿ ಚಾಕಲೇಟು ಹಿಡಿದುಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ಹೊರಗಿನವರು ಇದನ್ನು ಲಂಚ ಎನ್ನಬಹುದು. ಲಂಚ ಎಂದರೆ ಕೆಲಸ ಆಗಲಿ ಎಂದು ಕೊಡುವಂಥದ್ದು. ಇದು ಕೆಲಸ ಆಗದಿದ್ದಾಗಲೂ ಕೊಡುವಂಥದ್ದು, ಆದ್ದರಿಂದ ಗೌರವ. ಆ ಚಾಕಲೇಟನ್ನು ಯಾರೂ ತಿನ್ನುವುದೂ ಇಲ್ಲ. ಅಂಚಿನಮ್ಮ ಅದನ್ನು ತಮ್ಮ ಹಲ್ಲಿನ ಡಾಕ್ಟರಿಗೆ ಕೊಡುತ್ತಾರೆ, ಡಾಕ್ಟರು ಮಗಳ ಪಿಯಾನೋ ಟೀಚರಿಗೆ, ಟೀಚರು ತನ್ನ ಗಂಡನಿಗೆ, ಆ ಗಂಡ ನಮ್ಮಲ್ಲೇ ಸಂಶೋಧಕ. ಮೂಲೆ ಹರಿದ, ಮೇಲೆ ಹಂಸದ ಚಿತ್ರವಿದ್ದ ಒಂದು ಡಬ್ಬಿಯನ್ನು ನಾನೇ ಆ ಕೋಣೆಯಲ್ಲಿ ಮೂರು ವರ್ಷದಲ್ಲಿ ನಾಲ್ಕು ಸಲ ನೋಡಿದ್ದೇನೆ.

ಈಗ ಹದಿನಾಲ್ಕನೇ ನಿಯಮದ ಬಗ್ಗೆ ಹೇಳಬೇಕು, ಏಕೆಂದರೆ ಮುಂದಿನ ರಾಮಾಯಣವೆಲ್ಲ ಅದರಿಂದಲೇ. ಅಂಚಿನಮ್ಮನಿಗೂ ಮುಂಚೆ ಹ್ನಾತ್ ಎಂಬುವವರು ಆ ಹುದ್ದೆಯಲ್ಲಿದ್ದರು. ಅವರು ಹೊಳೆ ದಂಡೆಯಲ್ಲಿ ಗಾಳ ಹಾಕಿ ಕೂತೇ ಎಲ್ಲ ಪ್ರಬಂಧಗಳಿಗೂ ಮೊಹರು ಒತ್ತುತ್ತಿದ್ದರು. ಕೆಲವು ಹಳೆಯ ಪ್ರಬಂಧಗಳಲ್ಲಿ ಇಂದಿಗೂ ಮೀನಿನ ಹುರುಪೆ ಸಿಗುತ್ತದೆ. ಇದನ್ನು ತಡೆಯಲು ನಿಯಮ ಬಂತು: 'ಪರೀಕ್ಷಕರು ಕನಿಷ್ಠ ಮೂರು ತಪ್ಪುಗಳನ್ನು ಷರಾ ಬರೆದು ಗುರುತಿಸದೇ ಇದ್ದಲ್ಲಿ ಪರೀಕ್ಷೆಯು ನಡೆದೇ ಇಲ್ಲವೆಂದು ಪರಿಗಣಿಸತಕ್ಕದ್ದು.' ಮೂರು ತಪ್ಪು ಹುಡುಕಬೇಕು, ಸಂಶೋಧಕ ಸರಿಪಡಿಸಬೇಕು, ಆಮೇಲೆ 'ತಪ್ಪು ನಿವಾರಣೆಯಾಗಿದೆ' ಎಂಬ ದುಂಡು ಮೊಹರು. ಬಹಳ ಒಳ್ಳೆಯ ನಿಯಮ. ಮನುಷ್ಯ ಎಂದ ಮೇಲೆ ಮೂರು ತಪ್ಪು ಮಾಡದೇ ಇರುತ್ತಾನೆಯೇ? ಅದುವರೆಗೆ ಒಬ್ಬರೂ ಮಾಡದೇ ಇದ್ದಿರಲಿಲ್ಲ.

ಯಾರಿನಾ ಹಾರ್ಬುಜ್ ಎಂಬ ಸಂಶೋಧಕಿ ಮಾಡಲಿಲ್ಲ.

ಈ ಯಾರಿನಾ ಮೂವತ್ತನಾಲ್ಕು ವರ್ಷದ, ನೇರ ಮಾತಿನ, ಸ್ವಲ್ಪ ಹಟಮಾರಿ ಹೆಣ್ಣುಮಗಳು. ಗೋಧಿ ಉಗ್ರಾಣದಲ್ಲಿ ಮೂತಿಹುಳುವಿನ ಉಸಿರಾಟ ಎಂಬ ವಿಷಯದ ಮೇಲೆ ಏಳು ವರ್ಷ ದುಡಿದಿದ್ದಳು. ಅವಳ ಪ್ರಬಂಧ ಮಂಡನೆಗೆ ಜೂನ್ ಮೂವತ್ತನೇ ತಾರೀಕು ನಿಗದಿಯಾಗಿತ್ತು. ಅದೇ ದಿನ ನಮ್ಮ ವಿದ್ವತ್ ಮಂಡಳಿಯ ಅವಧಿಯೂ ಮುಗಿಯುತ್ತಿತ್ತು. ಆ ದಿನ ತಪ್ಪಿದರೆ ಅವಳ ವಿಷಯಕ್ಕೆ ದೇಶದಲ್ಲೇ ಬೇರೆ ಮಂಡಳಿ ಇಲ್ಲ. ಪದವಿ ಇಲ್ಲದಿದ್ದರೆ ಪಾಠ ಮಾಡುವ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಜುಲೈ ಒಂದರಂದು ಹಾಸ್ಟೆಲಿನ ಕೋಣೆಯೂ ಇಲ್ಲ. ಪೋಲೆಂಡಿನ ಚೆರಿ ತೋಟದಲ್ಲಿ ಹಣ್ಣು ಕೀಳುವ ಕೂಲಿಗಿದ್ದ ಅವಳ ಅಕ್ಕ ಫೋನು ಮಾಡಿ, "ನೋಡೇ, ನಿನಗೊಂದು ಬುಟ್ಟಿ, ಒಂದು ಮಂಚ ಹಿಡಿದಿಟ್ಟಿದ್ದೀನಿ. ಮೂವತ್ತನೇ ತಾರೀಕು ದಾಟಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ, ಆಮೇಲೆ ನನ್ನ ಬೈಬೇಡ" ಅಂದಿದ್ದಳು. ಮೂತಿಹುಳುವಿಗಾಗಿ ಏಳು ವರ್ಷ ಸುರಿದವಳಿಗೆ ಚೆರಿ ಬುಟ್ಟಿಯ ಮಾತು ಎಷ್ಟು ಚುಚ್ಚಿರಬೇಡ.

ಅಂಚಿನಮ್ಮ ಅವಳ ಪ್ರಬಂಧವನ್ನು ಹನ್ನೊಂದು ಸಲ ವಾಪಸು ಕಳಿಸಿದ್ದರು. ತಪ್ಪು ಅವಳದ್ದಲ್ಲ, ಅವಳ ಕಂಪ್ಯೂಟರಿನದ್ದು. ಎಲ್ಲರೂ ಬಳಸುವ ಬರವಣಿಗೆಯ ಪ್ರೋಗ್ರಾಂ ಅದು: ನಲವತ್ತನೇ ಪುಟದಲ್ಲಿ ಒಂದು ಹುಳದ ಚಿತ್ರವನ್ನು ಸ್ವಲ್ಪ ಸರಿಸಿದರೆ ತೊಂಬತ್ತನೇ ಪುಟದ ಕೋಷ್ಟಕ ಮುನಿಸಿಕೊಂಡು ಅಂಚು ದಾಟಿ ಹೋಗುತ್ತಿತ್ತು. ಹನ್ನೊಂದು ವಾಪಸಾತಿ, ಹನ್ನೊಂದು ಡಬ್ಬಿ. ಹನ್ನೊಂದನೆಯ ಸಲ ಯಾರಿನಾ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲೇ ಹಾದು ಹೋದೆ. ನನಗೂ ಕೆಡುಕೆನಿಸಿತು, ಆದರೆ ಮೆಟ್ಟಿಲ ಮೇಲೆ ಕೂರುವುದು ನಿಷಿದ್ಧ ಎಂದು ಹೇಳಬೇಕಾಗಿದ್ದರಿಂದ ಅದನ್ನು ಹೇಳಿದೆ.

ಆಗ ಅವಳ ಕಣ್ಣಿಗೆ ಆ ಉಚಿತ ವ್ಯವಸ್ಥೆ ಬಿತ್ತು.

ಅದಕ್ಕೊಂದು ಹೆಸರಿದೆ. ನಿರ್ದೇಶಕರು ಮೂರು ಸಲ ಉಚ್ಚರಿಸಲು ಹೋಗಿ, ಮೂರು ಬೇರೆ ಬೇರೆ ಹೆಸರು ಬಂದದ್ದರಿಂದ, ಕಡತಗಳಲ್ಲಿ 'ಉಚಿತ ವ್ಯವಸ್ಥೆ' ಎಂದೇ ನಮೂದಿಸಬೇಕೆಂದು ಆದೇಶಿಸಿದ್ದಾರೆ. ಅಕ್ಷರ ಜೋಡಿಸಿ ಪುಟ ಕಟ್ಟುವ ಸಾಧನ ಅದು. ಅದರಲ್ಲಿ ಪುಟವನ್ನು ಕಣ್ಣಿನಿಂದ ನೋಡುತ್ತಾ ಎಳೆದಾಡುವಂತಿಲ್ಲ. 'ಇದು ಅಧ್ಯಾಯ, ಇದು ಚಿತ್ರ, ಎಡ ಅಂಚು ಮೂವತ್ತು' ಎಂದು ಆಜ್ಞೆ ಬರೆಯಬೇಕು, ಪುಟವನ್ನು ಅದೇ ಕಟ್ಟಿ ಕೊಡುತ್ತದೆ. ಮೊದಲ ದಿನ ಯಾರಿನಾ 'ನಮಸ್ಕಾರ' ಎಂಬ ಒಂದು ಪದ ಮುದ್ರಿಸಲು ಆರು ಸಾಲು ಆಜ್ಞೆ ಬರೆದಳು. ಒಂದು ಆವರಣ ಚಿಹ್ನೆ ಮುಚ್ಚಲು ಮರೆತಿದ್ದಕ್ಕೆ ಯಂತ್ರ ನೂರಾ ಎರಡು ದೂರು ಕೊಟ್ಟಿತು. ಅಷ್ಟರಮಟ್ಟಿಗೆ ಅದು ನಮ್ಮ ಸಂಸ್ಥೆಯ ಪರಂಪರೆಗೆ ಒಗ್ಗುವ ಯಂತ್ರವೇ. ಎರಡನೇ ದಿನ ಆ ಆವರಣ ಮುಚ್ಚಿದಳು, 'ನಮಸ್ಕಾರ' ಬಂತು. ಸುಣ್ಣ ಬಳಿದ ಹೊಸ ಗೋಡೆಯ ಹಾಗೆ ಶುಭ್ರವಾಗಿ ಬಂತಂತೆ. ಮೂರನೇ ವಾರದ ಹೊತ್ತಿಗೆ ಮೂತಿಹುಳುಗಳೆಲ್ಲ ತಂತಮ್ಮ ಜಾಗದಲ್ಲಿ ಕೂತಿದ್ದವು. ಎಲ್ಲಾದರೂ ಸಿಕ್ಕಿಕೊಂಡಾಗ ಅಂತರ್ಜಾಲದಲ್ಲಿ ಯಾರೋ ಚೆಕ್ ದೇಶದವನೂ ಪೋರ್ಟೊ ಊರಿನ ಒಬ್ಬ ನಿವೃತ್ತ ಮೇಷ್ಟ್ರೂ ಉತ್ತರ ಹೇಳಿಕೊಟ್ಟರಂತೆ. ಪ್ರತಿಯಾಗಿ ಏನನ್ನೂ ಕೇಳಲಿಲ್ಲವಂತೆ, ಒಂದು ಡಬ್ಬಿಯನ್ನೂ. ನನಗೆ ಅನುಮಾನ ಬಂದದ್ದು ಅಲ್ಲೇ.

ಜೂನ್ ಹತ್ತರಂದು ಯಾರಿನಾ ಹನ್ನೆರಡನೇ ಸಲ ಹದಿನಾಲ್ಕನೇ ಕೋಣೆಗೆ ಹೋದಳು. ಅಂಚಿನಮ್ಮ ಡಬ್ಬಿಯನ್ನು ಡ್ರಾಯರಿಗೆ ಹಾಕಿ, ಸ್ಕೇಲು ಒರೆಸಿಕೊಂಡು, "ಬಾರಮ್ಮ ತಾಯಿ, ಈ ಸಲ ಏನು ಎಡವಟ್ಟು ಮಾಡ್ಕೊಂಡು ಬಂದಿದ್ದೀಯ?" ಎಂದು ಪ್ರೀತಿಯಿಂದಲೇ ಕೇಳಿದರು.

"ಏನೂ ಇಲ್ಲ ಅನ್ಕೊಂಡಿದ್ದೀನಿ ಮೇಡಂ."

"ಹಾಗನ್ಕೊಂಡೇ ಎಲ್ಲರೂ ಬರೋದು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಕೂತ್ಕೋ."

ಕೂತಳು. ಎರಡು ದಿನ ಕೂತಳು. ನೂರ ಎಂಬತ್ತಮೂರು ಪುಟ, ಪುಟಕ್ಕೆ ನಾಲ್ಕು ಅಂಚು, ಒಟ್ಟು ಏಳುನೂರ ಮೂವತ್ತೆರಡು ಅಳತೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅಂಚಿನಮ್ಮ ಊಟಕ್ಕೆ ತಂದಿದ್ದ ಆಲೂಗಡ್ಡೆ ಕಡುಬು ಆರಿ ತಣ್ಣಗಾಗಿತ್ತು. ಎರಡನೇ ದಿನ ಅವರು ಕನ್ನಡಕ ಬದಲಿಸಿದರು, ಆಮೇಲೆ ಕಿಟಕಿಯ ಹತ್ತಿರ ಹೋಗಿ ಅಳೆದರು, ಆಮೇಲೆ ಲೆಕ್ಕ ವಿಭಾಗದಿಂದ ಬೇರೆ ಸ್ಕೇಲು ತರಿಸಿ ತಮ್ಮ ಸ್ಕೇಲನ್ನೇ ಅಳೆದರು. ಸಂಜೆ ನಾಲ್ಕೂವರೆಗೆ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದರು.

"ಒನುಫ್ರಿ, ಆ ಹುಡುಗಿ ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದಾಳೆ ಕಣಯ್ಯ. ಒಂದೂ ಇಲ್ಲ! ಮೊಸರಲ್ಲಿ ಕಲ್ಲು ಹುಡುಕೋದು ಅಂತಾರಲ್ಲ, ನಾನು ಅದನ್ನ ಮೂವತ್ತೊಂದು ವರ್ಷ ಮಾಡಿದ್ದೀನಿ. ಯಾವತ್ತೂ ಕಲ್ಲು ಸಿಗದೇ ಹೋಗಿರ್ಲಿಲ್ಲ."

"ಪುಟ ಸಂಖ್ಯೆ?"

"ನಡುಮಧ್ಯ."

"ಸಾಲುಗಳ ಅಂತರ?"

"ಒಂದೂವರೆ. ಪ್ರತಿ ಪುಟದಲ್ಲೂ ಒಂದೂವರೆ. ಅಯ್ಯೋ, ಮೈ ಉರಿಯುತ್ತೆ ನೋಡಿದ್ರೆ!"

ಅವರ ಕಣ್ಣಲ್ಲಿ ನೀರಿತ್ತು. ನಾನು ನಿಯಮಾವಳಿ ತೆಗೆದು ನೋಡಿದೆ. ತಪ್ಪು ಸಿಗದಿದ್ದರೆ ಪರೀಕ್ಷೆ ನಡೆದಿಲ್ಲ. ಪರೀಕ್ಷೆ ನಡೆಯದಿದ್ದರೆ ಮೊಹರಿಲ್ಲ. ಮೊಹರಿಲ್ಲದಿದ್ದರೆ ಮಂಡನೆಯಿಲ್ಲ. ವಿಷಯವನ್ನು ನಿರ್ದೇಶಕರಾದ ಜೆನೋವಿ ಲೂಕಿಚ್ ಅವರ ಮುಂದಿಡದೆ ಗತ್ಯಂತರವಿರಲಿಲ್ಲ.

ನಿರ್ದೇಶಕರಿಗೆ ಮಂಡನೆ ಬೇಕಾಗಿತ್ತು. ಮಂಡಳಿಯ ಅವಧಿ ನವೀಕರಣವಾಗಬೇಕಾದರೆ ಆ ವರ್ಷ ಎರಡು ಮಂಡನೆ ಆಗಿರಬೇಕು, ಆಗಿದ್ದದ್ದು ಒಂದು. ಅಧ್ಯಕ್ಷರು ಅವರೇ ಆದ್ದರಿಂದ, ಮಂಡಳಿ ಹೋದರೆ ಅವರ ಕಾರಿನ ಡ್ರೈವರೂ ಹೋಗುತ್ತಾನೆ. ಆದ್ದರಿಂದ ಅವರು ಯಾರಿನಾಳನ್ನು ಕರೆಸಿ ಬಹಳ ಸಮಾಧಾನದಿಂದಲೇ ವಿಚಾರಣೆ ಆರಂಭಿಸಿದರು.

"ಈ ವ್ಯವಸ್ಥೆಗೆ ಎಷ್ಟು ಕೊಟ್ಟೆಯಮ್ಮ?"

"ಏನೂ ಕೊಟ್ಟಿಲ್ಲ ಸಾರ್. ಉಚಿತ."

"ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋ ಜನ ನಾವು, ಒಪ್ತೀನಿ. ಆದರೂ ಇದರ ಯಜಮಾನ ಅಂತ ಒಬ್ಬ ಇರ್ಬೇಕಲ್ಲ?"

"ಯಾರೂ ಇಲ್ಲ ಸಾರ್. ಎಲ್ಲರದ್ದೂ ಅದು."

"ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ. ಅದನ್ನ ನಾವು ಎಪ್ಪತ್ತು ವರ್ಷ ನೋಡಿಲ್ವಾ?" ನಿರ್ದೇಶಕರು ನಿಟ್ಟುಸಿರು ಬಿಟ್ಟರು. "ಹೋಗ್ಲಿ. ಹಳೇ ಪ್ರೋಗ್ರಾಮಿಗೇ ವಾಪಸ್ ಹೋಗ್ಬಿಡು. ಅದರಲ್ಲಿ ತಪ್ಪು ತಾನಾಗೇ ಬರ್ತಿತ್ತಲ್ಲ."

"ನೂರ ಎಂಬತ್ತಮೂರು ಪುಟ, ನಾನೂರು ಸಮೀಕರಣ ಸಾರ್. ಒಂದೊಂದನ್ನೂ ಮತ್ತೆ ಕೂಡಿಸಬೇಕು. ಎರಡು ತಿಂಗಳು ಬೇಕು. ನನ್ನ ಹತ್ರ ಇರೋದು ಹದಿನೆಂಟು ದಿನ."

"ಅಷ್ಟು ಚೆನ್ನಾಗಿ ಮಾಡು ಅಂತ ನಿನಗೆ ಯಾರು ಹೇಳಿದ್ದು?" ಎಂದು ಅಂಚಿನಮ್ಮ ಪಕ್ಕದಿಂದ ಸಿಡುಕಿದರು.

"ನೀವೇ ಮೇಡಂ. ಹನ್ನೊಂದು ಸಲ."

ಈ ಹುಡುಗಿಗೆ ನಾಲಗೆ ಸ್ವಲ್ಪ ಉದ್ದ ಎಂದು ನಾನು ಟಿಪ್ಪಣಿ ಬರೆದುಕೊಂಡೆ. ಮರುದಿನ ಬೆಳಿಗ್ಗೆ ಸೂಚನಾ ಫಲಕದಲ್ಲಿ ಈ ಕೆಳಗಿನದು ಅಂಟಿಸಲ್ಪಟ್ಟಿತು. ಕರಡು ನನ್ನದೇ.

'ಪ್ರಕಟಣೆ ಸಂಖ್ಯೆ 41. ಸಂಸ್ಥೆಯ ಸಮಸ್ತ ಸಿಬ್ಬಂದಿ ಹಾಗೂ ಸಂಶೋಧಕರ ಅವಗಾಹನೆಗೆ ತರಲಾಗುವುದೇನೆಂದರೆ, ಮಾಲೀಕರಿಲ್ಲದ, ಬೆಲೆಯಿಲ್ಲದ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಧನವೊಂದರಿಂದ ಪ್ರಬಂಧ ಸಿದ್ಧಪಡಿಸಿರುವ ಪ್ರಕರಣ ಕಂಡುಬಂದಿದ್ದು, ಇದರಿಂದ ತಪ್ಪುಗಳ ಸಹಜ ಉತ್ಪತ್ತಿಗೆ ಧಕ್ಕೆಯುಂಟಾಗಿರುತ್ತದೆ. ಸದರಿ ಪ್ರಕರಣ ಇತ್ಯರ್ಥವಾಗುವವರೆಗೆ ಸಂಶೋಧಕರು ಎಂದಿನಂತೆ ತಪ್ಪು ಮಾಡುವುದನ್ನು ಮುಂದುವರಿಸತಕ್ಕದ್ದು.'

ಸಂಶೋಧಕರು ಮುಂದುವರಿಸಿದರು. ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಎಂಬತ್ತು ಜನ ಆ ಫಲಕದ ಮುಂದೆ ನಿಂತು ಓದಿ, ತಲೆಯಾಡಿಸಿ, ಕ್ಯಾಂಟೀನಿಗೆ ಹೋದರು.

ಯಾರಿನಾ ಮಾತ್ರ ಇನ್ನೊಂದು ದಾರಿ ಹುಡುಕಿದಳು. ಅರವತ್ತನೇ ಪುಟದ ಎಡ ಅಂಚನ್ನು ಇಪ್ಪತ್ತೊಂಬತ್ತು ಮಾಡಿದಳು, ಎಪ್ಪತ್ತನೇ ಪುಟದ ಸಂಖ್ಯೆಯನ್ನು ಮೂಲೆಗೆ ತಳ್ಳಿದಳು, ಎಂಬತ್ತನೇ ಪುಟದಲ್ಲಿ ಒಂದು ಚಿತ್ರವನ್ನು ಓರೆ ಮಾಡಿದಳು. ಅಷ್ಟು ಮಾಡಲು ಒಂದು ವಾರ ಹಿಡಿಯಿತಂತೆ, ಏಕೆಂದರೆ ಆ ವ್ಯವಸ್ಥೆ ಚಿತ್ರವನ್ನು ಮತ್ತೆ ಮತ್ತೆ ತನಗೆ ಸರಿಕಂಡ ಜಾಗಕ್ಕೇ ಕೊಂಡೊಯ್ದು ಕೂರಿಸುತ್ತಿತ್ತು. ಕೊನೆಗೆ ಪೋರ್ಟೊದ ಮೇಷ್ಟ್ರನ್ನು ಕೇಳಿದಳು. 'ಪುಟವನ್ನು ಕೆಡಿಸುವುದು ಹೇಗೆ ಎಂದು ಕೇಳಿದ ಮೊದಲನೆಯವರು ನೀವೇ' ಎಂದು ಬರೆದು, ಆತ ವಿಧಾನ ಹೇಳಿಕೊಟ್ಟನಂತೆ.

ಜೂನ್ ಹತ್ತೊಂಬತ್ತರಂದು ಅಂಚಿನಮ್ಮ ಅರವತ್ತನೇ ಪುಟಕ್ಕೆ ಸ್ಕೇಲು ಇಟ್ಟವರು ಕೂಗಿಕೊಂಡರು. ಹೆರಿಗೆಮನೆಯಿಂದ ಕೂಸಿನ ಅಳು ಕೇಳಿದಾಗ ಅಜ್ಜಿಯರು ಕೂಗುತ್ತಾರಲ್ಲ, ಹಾಗೆ. "ಇಪ್ಪತ್ತೊಂಬತ್ತು! ಒನುಫ್ರಿ, ಓಡಿ ಬಾ, ಇಪ್ಪತ್ತೊಂಬತ್ತು!" ಓಡಿ ಹೋದೆ. ಎಪ್ಪತ್ತನೇ ಪುಟ, ಎಂಬತ್ತನೇ ಪುಟ, ಮೂರೂ ಸಿಕ್ಕವು. ಅಂಚಿನಮ್ಮ ಯಾರಿನಾಳ ಕೆನ್ನೆ ಸವರಿ, "ನನ್ನ ಬಂಗಾರ, ನನಗೆ ಗೊತ್ತಿತ್ತು ಕಣೇ, ನೀನೂ ಮನುಷ್ಯಳೇ" ಅಂದರು. ಮೊಹರನ್ನು ಇನ್ನೇನು ಶಾಯಿಗೆ ಅದ್ದಬೇಕು, ಅಷ್ಟರಲ್ಲಿ ನನಗೆ ಇಪ್ಪತ್ತೆರಡನೇ ನಿಯಮ ನೆನಪಾಯಿತು. ನೆನಪಾದ ಮೇಲೆ ಸುಮ್ಮನಿರಲು ಬರುವುದಿಲ್ಲ.

"ಈ ತಪ್ಪುಗಳು ತಾವಾಗೇ ಆದವೋ, ನೀವು ಬೇಕು ಅಂತ ಮಾಡಿದ್ದೋ?" ಎಂದು ಕೇಳಿದೆ.

ಯಾರಿನಾ ನನ್ನ ಮುಖ ನೋಡಿದಳು. ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿದು ಹೋಗುತ್ತಿತ್ತು. ಕೆಲವರಿಗೆ ಅದು ಕೂಡ ಬರುವುದಿಲ್ಲ.

"ಬೇಕು ಅಂತಲೇ ಮಾಡಿದೆ. ಒಂದು ವಾರ ಕಷ್ಟಪಟ್ಟು ಮಾಡಿದೆ."

ಇಪ್ಪತ್ತೆರಡನೇ ನಿಯಮ ಹೀಗಿದೆ: 'ತಪ್ಪು ಎಂದರೆ ಸದುದ್ದೇಶದಿಂದ, ಅರಿವಿಲ್ಲದೆ ಮಾಡಿದ್ದು. ಅರಿತು ಮಾಡಿದ್ದು ತಪ್ಪಲ್ಲ, ಅಪರಾಧ.' ಅಂಚಿನಮ್ಮ ಮೊಹರನ್ನು ಮೇಜಿನ ಮೇಲಿಟ್ಟರು. ಅವರಿಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಯಾರಿನಾಳ ಪಾಡು ಅತ್ತ ದರಿ ಇತ್ತ ಪುಲಿ: ಅರಿಯದೆ ತಪ್ಪು ಮಾಡಲು ಆ ವ್ಯವಸ್ಥೆ ಬಿಡುವುದಿಲ್ಲ, ಅರಿತು ಮಾಡಲು ನಿಯಮ ಬಿಡುವುದಿಲ್ಲ. ಅವಳು ಕೆಡಿಸಿದ್ದನ್ನೆಲ್ಲ ಮತ್ತೆ ಸರಿಮಾಡಿದಳು. ಅದಕ್ಕೆ ನಾಲ್ಕು ನಿಮಿಷ ಸಾಕಾಯಿತಂತೆ.

ಜೂನ್ ಇಪ್ಪತ್ತಾರು ಬಂತು. ಹಾಸ್ಟೆಲಿನ ಮೇಲ್ವಿಚಾರಕಿ ಅವಳ ಬಾಗಿಲ ಹೊರಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದಿಟ್ಟು ಹೋದಳು, ಸಾಮಾನು ಕಟ್ಟಲು ಅನುಕೂಲವಾಗಲಿ ಎಂದು. ಅಕ್ಕ ಬಸ್ಸಿನ ಟಿಕೆಟು ಕಳಿಸಿದಳು. ನಿರ್ದೇಶಕರು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಎರಡು ಸಲ ನನ್ನನ್ನು ಕರೆಸಿ, "ಒನುಫ್ರಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏನಾದ್ರೂ ಮಾಡಯ್ಯಾ" ಎಂದರು. ನಾನು ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಬಸಿದು ಒಂದು ಕಾಗದ ಬರೆದೆ. ನನ್ನ ಜೀವನದ ಅತ್ಯುತ್ತಮ ಕರಡು ಅದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

'ಒಪ್ಪಿಗೆ ಪತ್ರ. ಕೆಳಗೆ ಸಹಿ ಮಾಡಿರುವ ಯಾರಿನಾ ಪ್ರೊಕೊಪಿವ್ನಾ ಹಾರ್ಬುಜ್ ಆದ ನಾನು, ನನ್ನ ಪ್ರಬಂಧದಲ್ಲಿ ಮೂರು ತಪ್ಪುಗಳು ಇರುತ್ತವೆಂದೂ, ಅವುಗಳನ್ನು ಅರಿವಿಲ್ಲದೆ ಸದುದ್ದೇಶದಿಂದ ಮಾಡಿರುತ್ತೇನೆಂದೂ, ಅವು ಯಾವುವೆಂಬುದು ನನಗಾಗಲಿ, ಪರೀಕ್ಷಕರಿಗಾಗಲಿ, ಉಚಿತ ವ್ಯವಸ್ಥೆಗಾಗಲಿ ತಿಳಿದಿರುವುದಿಲ್ಲವೆಂದೂ, ಸದರಿ ತಪ್ಪುಗಳನ್ನು ಸಂಪೂರ್ಣವಾಗಿ ಸರಿಪಡಿಸಿರುತ್ತೇನೆಂದೂ ಈ ಮೂಲಕ ಪ್ರಮಾಣೀಕರಿಸುತ್ತೇನೆ.'

ಯಾರಿನಾ ಅದನ್ನು ಎರಡು ಸಲ ಓದಿದಳು.

"ಇಲ್ಲದೇ ಇರೋ ತಪ್ಪಿಗೆ ಹೇಗೆ ಸಹಿ ಹಾಕ್ಲಿ ಸಾರ್?"

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ತೆಕ್ಲಾ ಮೇಡಂ ಎರಡು ದಿನ ಅಳೆದ್ರಲ್ಲ. ಏಳುನೂರ ಮೂವತ್ತೆರಡು ಸಲ."

"ಅಂಥವರ ಕಣ್ಣಿಗೇ ಬೀಳಲಿಲ್ಲ ಅಂದ್ರೆ ಆ ತಪ್ಪುಗಳು ಇನ್ನೆಷ್ಟು ಆಳದಲ್ಲಿ ಅವಿತುಕೊಂಡಿರಬೇಕು, ನೀವೇ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಅಂಚಿನಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು, "ಸಹಿ ಹಾಕು ಮಗಳೇ. ನನಗೆ ಅರವತ್ತೊಂಬತ್ತು ವರ್ಷ. ತಪ್ಪೇ ಇಲ್ಲದ್ದು ಅಂತ ಒಂದನ್ನೂ ನಾನು ಕಂಡಿಲ್ಲ. ನಿನ್ನದೊಂದೇ ಹಾಗಿರೋಕೆ ನೀನೇನು ಆಕಾಶದಿಂದ ಇಳಿದು ಬಂದವಳಾ?" ಅಂದರು. ಬೈಗುಳವಲ್ಲ ಅದು, ಅವರ ದನಿಯಲ್ಲಿ ನಿಜವಾಗಿ ಮರುಕವಿತ್ತು.

"ಸಿಗದೇ ಇರೋ ತಪ್ಪನ್ನ ಸರಿಪಡಿಸಿದ್ದೀನಿ ಅಂತ ಬೇರೆ ಬರೆದಿದ್ದೀರಿ. ಅದನ್ನ ಹೇಗೆ ಸರಿಪಡಿಸೋದು?"

"ಈಗಾಗಲೇ ಸರಿಯಾಗಿದೆಯಲ್ಲ, ಅದಕ್ಕಿಂತ ಇನ್ನೇನು ಸಾಕ್ಷಿ ಬೇಕು?" ಎಂದೆ.

ಅವಳು ಪೆನ್ನು ತೆಗೆದುಕೊಂಡು, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದಳು. ಮೊಹರು ಬಿತ್ತು. ಬಾಗಿಲು ದಾಟುವಾಗ ಅವಳು ಯಾರಿಗೂ ನಮಸ್ಕಾರ ಹೇಳಲಿಲ್ಲ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಜೂನ್ ಮೂವತ್ತರಂದು ಮಂಡನೆ ಸಾಂಗವಾಗಿ ನೆರವೇರಿತು. ಯಾರಿನಾ ಇಪ್ಪತ್ತು ನಿಮಿಷ ಮಾತಾಡಿದಳು. ಮೂತಿಹುಳು ಉಸಿರಾಡುವಾಗ ಗೋಧಿ ರಾಶಿ ಒಳಗೊಳಗೇ ಬಿಸಿಯಾಗುತ್ತದಂತೆ. ಆ ಬಿಸಿಯನ್ನು ಅಳೆದರೆ ಹುಳು ಕಣ್ಣಿಗೆ ಕಾಣುವ ಎರಡು ವಾರ ಮೊದಲೇ ರಾಶಿಯನ್ನು ಉಳಿಸಬಹುದಂತೆ. ಹಾಗೆ ಅಳೆದಾಗ ನಮ್ಮ ಸಂಸ್ಥೆಯ ನೆಲಮಾಳಿಗೆಯ ಮಾದರಿ ಗೋಧಿಯೇ ಮುಕ್ಕಾಲು ಪಾಲು ಟೊಳ್ಳಾಗಿರುವುದು ತಿಳಿದುಬಂತಂತೆ. ಈ ಬಗ್ಗೆ ಯಾರೂ ಪ್ರಶ್ನೆ ಕೇಳಲಿಲ್ಲ. ಎಲ್ಲರ ಕೈಯಲ್ಲೂ ಒಪ್ಪಿಗೆ ಪತ್ರದ ಪ್ರತಿಯಿತ್ತು, ಎಲ್ಲರ ಪ್ರಶ್ನೆಯೂ ಅದರ ಮೇಲೆಯೇ.

"ಮೂರು ತಪ್ಪುಗಳು ಒಂದೇ ಅಧ್ಯಾಯದಲ್ಲಿವೆಯೋ, ಹರಡಿಕೊಂಡಿವೆಯೋ?" ಎಂದು ಮುಂದಿನ ಸಾಲಿನ ಪ್ರೊಫೆಸರರೊಬ್ಬರು ಕೇಳಿದರು.

"ಗೊತ್ತಿಲ್ಲ" ಅಂದಳು ಯಾರಿನಾ.

"ಸಂಶೋಧಕರಾದವರು ಅಷ್ಟಾದರೂ ಊಹಿಸಬೇಕು" ಎಂದು ಅವರು ಬೇಸರದಿಂದ ಕೂತರು. ಇನ್ನೊಬ್ಬರು ತೊಂಬತ್ತೇಳನೇ ಪುಟ ಎತ್ತಿ ಹಿಡಿದು, "ನನ್ನ ಅಭಿಪ್ರಾಯದಲ್ಲಿ ಈ ಪುಟ ಅಗತ್ಯಕ್ಕಿಂತ ಬೆಳ್ಳಗಿದೆ" ಎಂದರು. ಪುಟ ಕೈಯಿಂದ ಕೈಗೆ ಹೋಯಿತು. ಹೌದು, ಬೆಳ್ಳಗಿದೆ ಎಂದು ಬಹುತೇಕರು ಒಪ್ಪಿದರು. ಯಾರಿನಾ ಮೊದಲು ನಕ್ಕಳು. ಪುಟ ಸುತ್ತು ಹೊಡೆದು ತನ್ನ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಗಲಿಲ್ಲ.

ಮತದಾನದಲ್ಲಿ ಹದಿನೇಳಕ್ಕೆ ಹದಿನೇಳೂ ಪರವಾಗಿ ಬಿದ್ದವು. ಮಂಡಳಿ ಉಳಿಯಿತು, ಡ್ರೈವರ್ ಉಳಿದ, ಹಾಸ್ಟೆಲಿನ ಮೇಲ್ವಿಚಾರಕಿ ಬಂದು ರಟ್ಟಿನ ಪೆಟ್ಟಿಗೆಗಳನ್ನು ವಾಪಸು ತೆಗೆದುಕೊಂಡು ಹೋದಳು. ಕಾನೂನಿನ ಪ್ರಕಾರ ಔತಣ ನಿಷಿದ್ಧವಾದ್ದರಿಂದ ಅದು ನೆಲಮಾಳಿಗೆಯಲ್ಲಿ, ಟೊಳ್ಳು ಗೋಧಿಯ ಪಕ್ಕದಲ್ಲಿ ಏರ್ಪಾಟಾಗಿತ್ತು. ಹೊಗೆಯಾಡಿಸಿದ ಮೀನು, ಉಪ್ಪಿನಕಾಯಿ ಹಾಕಿದ ಅಣಬೆ, ಮೆಣಸಿನಕಾಯಿ ಅದ್ದಿದ ಹೊರಿಲ್ಕಾ ಎಂಬ ಮದ್ಯ. ನಿರ್ದೇಶಕರು ಲೋಟ ಎತ್ತಿ, "ಮೂತಿಹುಳುವಿಗೆ ಜಯವಾಗಲಿ!" ಎಂದರು. ನನ್ನ ಕಣ್ಣು ತುಂಬಿ ಬಂತು. ಒಬ್ಬ ಹೆಣ್ಣುಮಗಳ ಬಾಳು ನನ್ನ ಒಂದು ಕರಡಿನಿಂದ ನೆಟ್ಟಗಾಯಿತಲ್ಲ ಎಂದು ಎದೆ ಉಬ್ಬಿತು. ಯಾರಿನಾಳನ್ನು ಹುಡುಕಿದರೆ, ಅವಳು ಮೂಲೆಯ ಸ್ಟೂಲಿನ ಮೇಲೆ ತಟ್ಟೆಯನ್ನು ಪಕ್ಕಕ್ಕಿಟ್ಟು, ತೊಡೆಯ ಮೇಲೆ ಪ್ರಬಂಧ ಬಿಡಿಸಿಕೊಂಡು ಕೂತಿದ್ದಳು.

"ತಿನ್ನಮ್ಮಾ, ಇವತ್ತೂ ಅದೇನಾ?" ಅಂದೆ.

"ಸುಮ್ನೆ ನೋಡ್ತಿದ್ದೆ ಸಾರ್. ಹದಿನೇಳು ಜನ ಹೇಳ್ತಾರೆ ಅಂದ್ರೆ…" ಅಂದವಳು ವಾಕ್ಯ ಮುಗಿಸದೆ ಪುಟ ತಿರುವಿದಳು.

ಒಪ್ಪಿಗೆ ಪತ್ರದ ಕೀರ್ತಿ ಬೇಗ ಹಬ್ಬಿತು. ರಾಜಧಾನಿಯ ಕಚೇರಿಯೊಂದು ಅದರ ಪ್ರತಿ ತರಿಸಿಕೊಂಡು, 'ಅನುಕರಣೀಯ' ಎಂದು ಷರಾ ಬರೆದು ಎಲ್ಲ ಸಂಸ್ಥೆಗಳಿಗೂ ಕಳಿಸಿತು. ಅಂಚಿನಮ್ಮನ ಹುದ್ದೆಗೆ ಮೇಲ್ದರ್ಜೆ ಸಿಕ್ಕಿತು: ಸಿಗುವ ತಪ್ಪುಗಳ ಜೊತೆಗೆ ಸಿಗದ ತಪ್ಪುಗಳ ಜವಾಬ್ದಾರಿಯೂ ಅವರದ್ದೇ. ಉಚಿತ ವ್ಯವಸ್ಥೆಗೆ ಅಧಿಕೃತ ಮಾನ್ಯತೆ ದೊರೆಯಿತು. ಸೆಪ್ಟೆಂಬರಿನಿಂದ ಪ್ರತಿ ಮಂಗಳವಾರ ಹತ್ತು ಗಂಟೆಗೆ 'ಉಚಿತ ವ್ಯವಸ್ಥೆ: ಆರಂಭಿಕರ ತರಗತಿ' ಎಂದು ಶುರುವಾಗಿದೆ. ನಡೆಸುವವರು ಡಾಕ್ಟರ್ ಯಾರಿನಾ ಹಾರ್ಬುಜ್. ಅವರಿಗೆ ಈಗ ನಾವು ಬಹುವಚನವನ್ನೇ ಬಳಸುತ್ತೇವೆ.

ಮೊದಲ ತರಗತಿಗೆ ಹಾಜರಾತಿ ತೆಗೆದುಕೊಳ್ಳಲು ನಾನೂ ಹೋಗಿದ್ದೆ. ಇಪ್ಪತ್ತಾರು ಜನ ಕಂಪ್ಯೂಟರ್ ಮುಂದೆ ಕೂತಿದ್ದರು. ಡಾಕ್ಟರ್ ಹಾರ್ಬುಜ್ ಯಂತ್ರಗಳನ್ನು ಚಾಲೂ ಮಾಡುವ ಮುಂಚೆ ಎಲ್ಲರಿಗೂ ಒಂದೊಂದು ಒಪ್ಪಿಗೆ ಪತ್ರ ಹಂಚಿದರು. ಇಪ್ಪತ್ತೈದು ಜನ ಓದದೆ ಸಹಿ ಹಾಕಿದರು. ಮಾರ್ಕಿಯಾನ್ ಎಂಬ ಗಡ್ಡದ ಸಂಶೋಧಕ ಒಬ್ಬ ಮಾತ್ರ ಕೈಯೆತ್ತಿದ.

"ಮೇಡಂ, ನಾನಿನ್ನೂ ಒಂದು ಅಕ್ಷರ ಬರೆದಿಲ್ಲ. ಖಾಲಿ ಹಾಳೇಲಿ ಮೂರು ತಪ್ಪು ಎಲ್ಲಿಂದ ಬರುತ್ತೆ?"

"ನಾನೂ ಹಾಗೇ ಕೇಳಿದ್ದೆ" ಅಂದರು ಡಾಕ್ಟರ್ ಹಾರ್ಬುಜ್. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಾನು ಕಿವಿಗೊಟ್ಟು ಕೇಳಿದ್ದೇನೆ.

"ಮತ್ತೆ, ನಿಮ್ಮ ಮೂರು ತಪ್ಪು ಸಿಕ್ಕಿದ್ವಾ?"

ಇಪ್ಪತ್ತಾರು ಜನವೂ ತಲೆಯೆತ್ತಿ ನೋಡಿದರು. ಡಾಕ್ಟರ್ ಹಾರ್ಬುಜ್ ಸ್ವಲ್ಪ ನಾಚಿದರು, ಕೂದಲು ಸರಿಮಾಡಿಕೊಂಡರು.

"ಎರಡು ಸಿಕ್ಕಿವೆ" ಅಂದರು.

ಮಾರ್ಕಿಯಾನ್ ಸಹಿ ಹಾಕಿದ.